ಪ್ರಾರ್ಥನೆಯೂ ರಂಗಮಂದಿರವೂ: ಮಿಲಾನಿನ ಒಂದು ಸಂಜೆಯ ಧ್ವನಿಮುದ್ರಣ



ಒಂದು ಇಡೀ ಪರಂಪರೆಯ ಬಗ್ಗೆ ಮೇಲುಮೇಲಾಗಿ ಹೇಳುವುದಕ್ಕಿಂತ ಒಂದೇ ಕಛೇರಿಯನ್ನು ಹಿಡಿದು ಮಾತಾಡುವುದು ಮೇಲು ಎಂದುಕೊಂಡು ಬಂದಿದ್ದೇನೆ. 1946ರ ಮೇ 11ರಂದು ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ನಡೆದ ಕಛೇರಿ ಅದು. ರೇಡಿಯೋದಲ್ಲಿ ನೇರವಾಗಿ ಪ್ರಸಾರವಾದದ್ದರ ಧ್ವನಿಮುದ್ರಣ ಉಳಿದುಬಂದಿದೆ. ನಾದ ತೆಳುವು, ಎಲ್ಲರೂ ಏರುದನಿಯಲ್ಲಿ ಹಾಡುವ ಕಡೆ ಒಡೆಯುತ್ತದೆ. ಆದರೂ ಇಟಲಿಯವರಿಗೆ ಚರ್ಚಿನ ವೃಂದಗಾನವೂ ಒಪೆರಾವೂ ಹೇಗೆ ಒಂದೇ ಉಸಿರಿನವು ಎಂಬುದು ನನಗೆ ಮನವರಿಕೆಯಾದದ್ದು ಇದರಿಂದಲೇ.

1943ರ ಆಗಸ್ಟಿನಲ್ಲಿ ಬಿದ್ದ ಬಾಂಬುಗಳಿಗೆ ಲಾ ಸ್ಕಾಲಾದ ಮಾಡು ಕುಸಿದಿತ್ತು. ಯುದ್ಧ ಮುಗಿದು ವರ್ಷವಾಗುವಷ್ಟರಲ್ಲಿ ಮಿಲಾನಿನ ಜನ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಮರುಆರಂಭದ ಕಛೇರಿಗೆ ವಾದ್ಯವೃಂದವನ್ನೂ ಗಾಯಕರನ್ನೂ ನಡೆಸಲು ಬಂದವರು 79 ವರ್ಷದ ಆರ್ತುರೋ ತೊಸ್ಕಾನಿನಿ. 1931ರಲ್ಲಿ ಬೊಲೊನ್ಯಾದಲ್ಲಿ ಫ್ಯಾಸಿಸ್ಟರ ಗೀತೆ ನುಡಿಸಲು ಒಪ್ಪದ್ದಕ್ಕೆ ಕಪಾಳಕ್ಕೆ ಹೊಡೆತ ತಿಂದ ಮೇಲೆ ಅವರು ತಾಯ್ನಾಡಿನಲ್ಲಿ ಕಛೇರಿ ನಡೆಸಿರಲಿಲ್ಲ. ಅಂದು ಒಳಗೆ ಜಾಗ ಸಿಗದ ಜನ ಚೌಕಗಳಲ್ಲಿ ಧ್ವನಿವರ್ಧಕಗಳ ಕೆಳಗೆ ನಿಂತು ಕೇಳಿದರು.

ಗಾಯಕರ ವೃಂದವನ್ನು ಸಿದ್ಧಪಡಿಸಿದವರು ವಿತ್ತೋರೆ ವೆನೆಜಿಯಾನಿ. ಅವರ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಯೆಹೂದಿ ಎಂಬ ಒಂದೇ ಕಾರಣಕ್ಕೆ 1938ರ ಜನಾಂಗೀಯ ಕಾನೂನುಗಳು ಅವರನ್ನು ಈ ಹುದ್ದೆಯಿಂದ ಹೊರಹಾಕಿದ್ದವು. ಹಿಂದಿರುಗಿದ ಅವರು ಕಲಿಸಿದ ಹಾಡುಗಳಲ್ಲಿ ಸಂಗೀತ ರಚನಕಾರ ವೆರ್ದಿಯವರ ‘ನಬುಕ್ಕೋ’ ಒಪೆರಾದ ಯೆಹೂದಿ ಸೆರೆಯಾಳುಗಳ ವೃಂದಗಾನವೂ ಒಂದು. ಬಾಬಿಲೋನಿಗೆ ಗಡೀಪಾರಾದವರು ನದಿಯ ದಡದಲ್ಲಿ ನಾಡನ್ನು ನೆನೆದು ಅಳುವ ಈ ಹಾಡು ಬೈಬಲಿನ ಒಂದು ಕೀರ್ತನೆಯಿಂದ ಹುಟ್ಟಿದ್ದು. 1842ರಲ್ಲಿ ಇದೇ ಮಂದಿರದಲ್ಲಿ ಮೊದಲು ಕೇಳಿಬಂದದ್ದು. 1901ರಲ್ಲಿ ವೆರ್ದಿಯವರ ಶವಪೆಟ್ಟಿಗೆಯನ್ನು ಅಂತಿಮ ನೆಲೆಗೆ ಸಾಗಿಸುವಾಗ ಇದನ್ನು ಹಾಡಿಸಿದವರೂ ತೊಸ್ಕಾನಿನಿಯೇ. ಇಷ್ಟೆಲ್ಲ ಹೊತ್ತುಕೊಂಡು ಬಂದ ಹಾಡು ಆ ಸಂಜೆ ಒಪೆರಾದ ಒಂದು ದೃಶ್ಯವಾಗಿ ಉಳಿಯಲು ಹೇಗೆ ಸಾಧ್ಯ?

ಅಂದು ರೊಸ್ಸಿನಿಯವರ ‘ಮೋಸೆ’ ಒಪೆರಾದ ಪ್ರಾರ್ಥನೆ, ವೆರ್ದಿಯವರ ‘ತೆ ದೇಉಮ್’, ಬೋಯಿತೋ ಅವರ ‘ಮೆಫಿಸ್ತೊಫೆಲೆ’ ಒಪೆರಾದ ಸ್ವರ್ಗದ ಪೀಠಿಕೆ ಮೂರೂ ಇದ್ದವು. ಮೂರರಲ್ಲೂ ದೇವರ ಸ್ತುತಿಯೇ. ಚರ್ಚಿನ ಪಠ್ಯಕ್ಕೆ ಸ್ವರ ಹಾಕಿದ್ದು ಮಾತ್ರ ನಡುವಿನದೊಂದೇ. ದಾಸರ ಪದವನ್ನು ಗುಡಿಯಲ್ಲೂ ಕಛೇರಿಯ ವೇದಿಕೆಯಲ್ಲೂ ಕೇಳಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸಲಾರದು. ಯುರೋಪಿನಲ್ಲಿ ಮಾತ್ರ ಈ ವಿಷಯಕ್ಕೆ ದೊಡ್ಡ ಜಗಳವೇ ನಡೆದಿತ್ತು. ಲೇಖಕ ಮನ್ಸೋನಿಯವರ ಮೊದಲ ವರ್ಷದ ಪುಣ್ಯತಿಥಿಗೆಂದು ವೆರ್ದಿ ಬರೆದ ‘ರೆಕ್ವಿಯಂ’ (ಸತ್ತವರಿಗಾಗಿ ಹಾಡುವ ಚರ್ಚಿನ ಪ್ರಾರ್ಥನೆ) 1874ರ ಮೇ 22ರಂದು ಮಿಲಾನಿನ ಸಾನ್ ಮಾರ್ಕೋ ಚರ್ಚಿನಲ್ಲಿ ನಡೆಯಿತು. ಅಲ್ಲಿ ಚಪ್ಪಾಳೆ ನಿಷಿದ್ಧ. ಮೂರು ದಿನ ಕಳೆದು ಅದೇ ಕೃತಿ ಲಾ ಸ್ಕಾಲಾಕ್ಕೆ ಬಂದಾಗ ಜನ ಚಪ್ಪಾಳೆ ಹೊಡೆದು ಕೆಲವು ಭಾಗಗಳನ್ನು ಮತ್ತೊಮ್ಮೆ ಹಾಡಿಸಿದರು. ಕೃತಿಯನ್ನು ಕೇಳುವ ಮೊದಲೇ ಜರ್ಮನಿಯ ಸಂಗೀತ ನಿರ್ದೇಶಕ ಹಾನ್ಸ್ ಫಾನ್ ಬ್ಯೂಲೋ ಅದನ್ನು ಪಾದ್ರಿಯ ಉಡುಪು ತೊಟ್ಟ ಒಪೆರಾ ಎಂದು ಹಳಿದರು. 1892ರಲ್ಲಿ ತಾವೇ ಪತ್ರ ಬರೆದು ವೆರ್ದಿಯವರ ಕ್ಷಮೆ ಕೇಳಿದರು. 1903ರಲ್ಲಿ ಪೋಪ್ ಹತ್ತನೆಯ ಪಿಯುಸ್ ನಾಟಕಶಾಲೆಯ ಶೈಲಿ ಚರ್ಚಿನೊಳಗೆ ಬರಕೂಡದೆಂದು ಆಜ್ಞೆಯನ್ನೇ ಹೊರಡಿಸಿದರು.

ವೆರ್ದಿಯವರಿಗೆ ಚರ್ಚಿಗೂ ರಂಗಮಂದಿರಕ್ಕೂ ನಡುವಿನ ಆ ಗೆರೆ ಇರಲೇ ಇಲ್ಲ. ‘ದೋನ್ ಕಾರ್ಲೋಸ್’ ಒಪೆರಾದಿಂದ ಕೈಬಿಟ್ಟ ಒಂದು ಯುಗಳಗೀತೆಯ ರಾಗವೇ ‘ರೆಕ್ವಿಯಂ’ನಲ್ಲಿ ಕಣ್ಣೀರಿನ ದಿನವನ್ನು ಹಾಡುವ ಭಾಗವಾಗಿದೆ.  ಸತ್ತ ಗೆಳೆಯನಿಗಾಗಿ ಮರುಗುವ ರಾಜನೊಬ್ಬನ ಶೋಕಕ್ಕೆಂದು ಹುಟ್ಟಿದ ರಾಗ ಅದು. ಗೆಳೆಯನಿಗಾಗಿ ಅತ್ತ ದನಿ ದೇವರ ಮುಂದೆ ಸುಳ್ಳಾಗುವುದಿಲ್ಲ ಎಂಬ ನಂಬಿಕೆ ಇದ್ದವರಷ್ಟೇ ಹಾಗೆ ಮಾಡಬಲ್ಲರು.

ಈಗ ‘ತೆ ದೇಉಮ್’. ಚರ್ಚಿಗೆ ಹೆಚ್ಚು ಹೋಗದಿದ್ದ ವೆರ್ದಿ ಎಂಬತ್ತು ದಾಟಿದ ಮೇಲೆ ಬರೆದದ್ದು. ವಾದ್ಯಗಳಿಲ್ಲದೆ, ಬರೀ ಗಂಡು ದನಿಗಳ ಹಳೆಯ ಚರ್ಚ್ ಪಠಣದಿಂದ ಶುರುವಾಗಿ, ಎರಡು ವೃಂದಗಳೂ ವಾದ್ಯಗಳೂ ಒಮ್ಮೆಗೇ ಸಿಡಿಯುತ್ತವೆ. ಇಟಲಿಯಲ್ಲಿ ಇದನ್ನು ಮೊದಲು ನಡೆಸಿದವರು ತೊಸ್ಕಾನಿನಿ, 1898ರಲ್ಲಿ ತೊರೀನೋದಲ್ಲಿ. ಒಂದೆಡೆ ಲಯ ತುಸು ನಿಧಾನಿಸಬೇಕೆಂದು ಅವರಿಗೆ ತೋರಿತ್ತು. ಸ್ವರಲಿಪಿಯಲ್ಲಿ ಆ ಸೂಚನೆ ಇರಲಿಲ್ಲ. ಜೆನೋವಾಕ್ಕೆ ಹೋಗಿ ವೆರ್ದಿಯವರ ಎದುರೇ ಪಿಯಾನೋದಲ್ಲಿ ನುಡಿಸಿದರು. ವೆರ್ದಿ ಮೆಚ್ಚಿದರು, ಬರೆದಿಟ್ಟರೆ ಅತಿ ಮಾಡಿಬಿಡುತ್ತಾರೆಂದೇ ಬರೆಯಲಿಲ್ಲ ಎಂದರಂತೆ. ಅಂಥ ಪಾಠ ಪಡೆದವರು 48 ವರ್ಷಗಳ ಬಳಿಕ ನಡೆಸುವುದನ್ನು ನಾವಿಲ್ಲಿ ಕೇಳುತ್ತೇವೆ. ಕೊನೆಯಲ್ಲಿ ವೃಂದದ ನಡುವಿನಿಂದ ಒಂದೇ ಒಂದು ಹೆಣ್ಣು ದನಿ ಏಳುತ್ತದೆ, ಕೆಲವೇ ಕ್ಷಣ. ಅಂದು ಆ ದನಿ 24 ವರ್ಷದ ರೆನಾತಾ ತೆಬಾಲ್ದಿಯವರದು. ಒಪೆರಾ ನಾಯಕಿಯ ಕಂಠವನ್ನು ಇಷ್ಟು ಹಿಡಿತದಲ್ಲಿಟ್ಟು ಬಳಸಿಕೊಂಡದ್ದರಲ್ಲೇ ತೊಸ್ಕಾನಿನಿಯವರ ಭಕ್ತಿ ಕಾಣುತ್ತದೆ.

1954ರ ಮಾರ್ಚ್ 14ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರು ‘ತೆ ದೇಉಮ್’ ಮತ್ತು ಅದೇ ಬೋಯಿತೋ ಪೀಠಿಕೆಯನ್ನು ಮತ್ತೆ ಅಕ್ಕಪಕ್ಕ ಇಟ್ಟರು. ವಿದಾಯದ ಕಛೇರಿಗೆ ಮೂರು ವಾರ ಉಳಿದಿತ್ತು. ಅಲ್ಲಿ ಹಾಡಿದ ರಾಬರ್ಟ್ ಶಾ ವೃಂದದವರು ಮಿಲಾನಿನವರಿಗಿಂತ ಅಚ್ಚುಕಟ್ಟು, ಮುದ್ರಣವೂ ಎಷ್ಟೋ ಸ್ವಚ್ಛ. ಎರಡರಲ್ಲಿ ಒಂದನ್ನೇ ಕೇಳಲು ಸಾಧ್ಯವೆನ್ನುವವರಿಗೆ ನಾನು ಮಿಲಾನಿನದನ್ನೇ ಸೂಚಿಸುತ್ತೇನೆ, ಅದೂ ಬಿಡಿ ತುಣುಕುಗಳಾಗಿ ಅಲ್ಲ, ಸೆರೆಯಾಳುಗಳ ಹಾಡಿನಿಂದ ಬೋಯಿತೋವರೆಗೆ ಒಂದೇ ಸಲಕ್ಕೆ ಕೂತು.