ಸಿಸೇರಿಯನ್ ಆದ ಮೇಲೆ ಇನ್ನೊಂದು ಮಗು

(ಸೌಕಾರ್‌ಪೇಟೆಯಲ್ಲಿ ಕೂಡಿದ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ರಜೆ ಎಂದು ಮಾತನಾಡುವ ನಾವು ಈ ದಿನ ಬಸಿರು ಬಾಣಂತನದ ವಿಷಯ ಎತ್ತಿಕೊಂಡುದಕ್ಕೆ ಕೆಲವರು ಹುಬ್ಬೇರಿಸಿದ್ದಾರೆ. ಅದು ಹೆಂಗಸರ ಮಾತು, ಗಂಡಸರಿರುವ ಸಭೆಯಲ್ಲಿ ಏತಕ್ಕೆ ಎಂದವರೂ ಉಂಟು. ಆದರೆ ಹೊಟ್ಟೆ ಕೊಯ್ಸಿಕೊಂಡು ಹೆತ್ತ ತಾಯಿ ಮತ್ತೆ ಬಸಿರಾಗಬೇಕೇ ಬೇಡವೇ ಎಂಬುದನ್ನು ನಮ್ಮ ಮನೆಗಳಲ್ಲಿ ತೀರ್ಮಾನಿಸುವವರು ಯಾರು? ಹೆಚ್ಚಾಗಿ ಗಂಡ, ಇಲ್ಲವೇ ಊರಿನ ಹಿರಿಯರು. ತೀರ್ಮಾನ ಮಾಡುವವರಿಗೆ ತಿಳುವಳಿಕೆಯೂ ಬೇಕಷ್ಟೆ.

ಇದು ನಾಲ್ಕಾರು ಮನೆಗಳ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನಲ್ಲಿ 100 ಹೆರಿಗೆಗಳಲ್ಲಿ ಸುಮಾರು 45, ಕರ್ನಾಟಕದಲ್ಲಿ 31ಕ್ಕೆ ಮೇಲ್ಪಟ್ಟು ಸಿಸೇರಿಯನ್. ಈ ಶಸ್ತ್ರಕ್ರಿಯೆ ಲಕ್ಷಾಂತರ ತಾಯಂದಿರ ಪ್ರಾಣ ಉಳಿಸಿದೆ. ಅದನ್ನು ನಾವು ಹಳಿಯುವುದಿಲ್ಲ. ಅದರ ಮುಂದಿನ ಕಥೆ ತಿಳಿದಿರಬೇಕೆಂದಷ್ಟೇ ಹೇಳುತ್ತೇವೆ.

ಹೊರಗಿನ ಚರ್ಮದ ಗಾಯ ಕೆಲವೇ ವಾರಗಳಲ್ಲಿ ಮಾಯುತ್ತದೆ. ಒಳಗೆ ಗರ್ಭಕೋಶಕ್ಕೆ ಹಾಕಿದ ಹೊಲಿಗೆ ಕಲೆಯಾಗಿ ಉಳಿಯುತ್ತದೆ. ಹರಿದ ನೂಲಿಗೆ ಗಂಟು ಹಾಕಿದರೆ ಮಗ್ಗ ನಡೆಯುತ್ತದೆ, ಆದರೆ ಎಳೆತ ಬಿದ್ದಾಗ ಕಣ್ಣಿಡಬೇಕಾದುದು ಆ ಗಂಟಿನ ಮೇಲೆಯೇ ಎಂದು ಗಿರಣಿಯವರಿಗೆ ಹೇಳಿಕೊಡಬೇಕಿಲ್ಲ. ಕೆಲವರಲ್ಲಿ ಮಾಯುವಾಗ ಗರ್ಭಕೋಶ, ಮೂತ್ರಕೋಶ, ಕರುಳು, ಹೊಟ್ಟೆಯ ಗೋಡೆ ಇವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಈ ಅಂಟನ್ನು ಕರಗಿಸುವ ಗುಳಿಗೆಯಿಲ್ಲ. ಸ್ಕ್ಯಾನಿನಲ್ಲಿ ಪೂರ್ತಿ ಕಾಣುವುದೂ ಇಲ್ಲ. ಪ್ರತಿ ಶಸ್ತ್ರಕ್ರಿಯೆಗೂ ಅದು ಹೆಚ್ಚುವ ಸಂಭವವುಂಟು. ಮುಂದಿನ ಬಾರಿ ಡಾಕ್ಟರರು ಅದನ್ನು ಬಿಡಿಸಿಕೊಂಡು ಮಗುವನ್ನು ತಲುಪಬೇಕು. ಹೊತ್ತು ಹಿಡಿಯುತ್ತದೆ, ರಕ್ತ ಹೋಗುತ್ತದೆ, ಮೂತ್ರಕೋಶಕ್ಕೆ ಏಟು ಬೀಳಬಹುದು.

ಮತ್ತೊಂದು ಅಪಾಯವಿದೆ. ಮಾಸು ಗರ್ಭಕೋಶದ ಕೆಳಭಾಗದಲ್ಲಿ, ಹಳೆಯ ಕಲೆಯ ಮೇಲೆಯೇ ಬೇರೂರಬಹುದು. ಎಣ್ಣೆ ಸವರದ ಕಾವಲಿಗೆ ಹತ್ತಿದ ದೋಸೆಯಂತೆ ಅದು ಬಿಟ್ಟು ಬರುವುದಿಲ್ಲ. ಅಮೆರಿಕದಲ್ಲಿ 30,000 ಸಿಸೇರಿಯನ್‌ಗಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಮಾಸು ಬಾಯಿಗೆ ಅಡ್ಡವಾಗಿ ಕುಳಿತ ತಾಯಂದಿರಲ್ಲಿ, ಹಿಂದೆ ಒಂದು ಸಿಸೇರಿಯನ್ ಆಗಿದ್ದವರಲ್ಲಿ 100ಕ್ಕೆ 11 ಮಂದಿಗೆ, ಎರಡು ಆಗಿದ್ದವರಲ್ಲಿ 40 ಮಂದಿಗೆ ಹೀಗೆ ಹತ್ತಿಕೊಂಡಿತ್ತು. ಇಂಥಲ್ಲಿ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಎಲ್ಲರಿಗೂ ಮಾಸು ಹಾಗೆ ಕೂರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಹಾಗಾದರೆ ಎರಡನೆಯ ಮಗು ಬೇಡವೇ ಬೇಡವೋ? ಹಾಗೆಂದು ಯಾರೂ ಹೇಳರು. ಒಮ್ಮೆ ಸಿಸೇರಿಯನ್ ಆದರೆ ಎಂದಿಗೂ ಸಿಸೇರಿಯನ್ನೇ ಎಂದು ನ್ಯೂಯಾರ್ಕಿನ ಡಾಕ್ಟರ್ ಕ್ರೇಗಿನ್ 1916ರಲ್ಲಿ ಬರೆದರು. ಈಗ ಅದು ಕಟ್ಟಳೆಯಲ್ಲ. ಗರ್ಭಕೋಶದ ಕೆಳಭಾಗದಲ್ಲಿ ಒಂದೇ ಅಡ್ಡ ಕೊಯ್ತವಿದ್ದರೆ, ಡಾಕ್ಟರರು ಒಪ್ಪಿದರೆ, ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಆಗ ಹೊಲಿಗೆ ಬಿಚ್ಚುವುದು 200ರಲ್ಲಿ ಸುಮಾರು ಒಬ್ಬರಿಗೆ. ಆದರೆ ಮೇಲ್ಭಾಗದಲ್ಲಿ ಉದ್ದ ಕೊಯ್ತವಿದ್ದರೆ ನೋವು ಬರುವ ಮೊದಲೇ ಶಸ್ತ್ರಕ್ರಿಯೆ ಮಾಡುವುದೇ ಕ್ಷೇಮ. ಒಳಗಿನ ಕೊಯ್ತ ಅಡ್ಡವೋ ಉದ್ದವೋ ಎಂದು ಹೊರಗಿನ ಕಲೆ ನೋಡಿ ಹೇಳಲಾಗದು. ಶಸ್ತ್ರಕ್ರಿಯೆಯ ಕಾಗದವೇ ಹೇಳಬೇಕು.

ಇಲ್ಲಿಯೇ ನಮ್ಮವರ ವಿಶೇಷ ತೊಂದರೆ. ನಾವು ದುಡಿಯುವುದು ಮದರಾಸಿನಲ್ಲಿ, ಹೆಂಡತಿ ಮೊದಲ ಹೆರಿಗೆಗೆ ಹೋಗುವುದು ಕುಂದಾಪುರವೋ ಉಡುಪಿಯೋ ತೀರ್ಥಹಳ್ಳಿಯೋ, ಅವಳ ತವರಿಗೆ. ಕಾಗದ ಅಲ್ಲೇ ಉಳಿಯುತ್ತದೆ, ಎರಡನೆಯ ಬಸಿರು ಇಲ್ಲಿಗೆ ಬರುತ್ತದೆ. 2002ರ ವೈದ್ಯ ನಿಯಮದಂತೆ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ದಾಟಿದರೆ ಸಿಗುವ ಭರವಸೆಯಿಲ್ಲ. ನಮ್ಮಲ್ಲಿ ಎರಡನೆಯ ಮಗುವಿನ ಮಾತು ಏಳುವುದೂ ಬಹುಮಟ್ಟಿಗೆ ಆ ಹೊತ್ತಿಗೇ.

ಮಿಂಟ್ ಸ್ಟ್ರೀಟ್ ಕಡೆಯ ನಮ್ಮ ಸದಸ್ಯರೊಬ್ಬರಿಗೆ ಒಂದು ಹೆಣ್ಣುಮಗು. ಗಂಡೊಂದಾಗಲಿ ಎಂದು ಊರಿನಿಂದ ಫೋನಿನ ಮೇಲೆ ಫೋನು. ನಾವು ಬೆನ್ನು ಹತ್ತಿ ಕಾಗದ ತರಿಸಿದೆವು. ರಕ್ತಸ್ರಾವವಾಗಿ ಎರಡನೆಯ ಬಾರಿ ಹೊಟ್ಟೆ ತೆರೆದಿದ್ದರು, ಮೂತ್ರಕೋಶಕ್ಕೆ ಹೊಲಿಗೆ ಬಿದ್ದಿತ್ತು. ಮರುವರ್ಷ ಹೊಟ್ಟೆನೋವಿಗೆಂದು ಕೊಳವೆ ಹಾಕಿ ನೋಡಿದವರು ಗರ್ಭಕೋಶ ಹೊಟ್ಟೆಯ ಗೋಡೆಗೆ ಅಂಟಿದೆಯೆಂದು ಬರೆದಿದ್ದರು. ಡಾಕ್ಟರಮ್ಮ ಅದನ್ನು ಓದಿ ಹೇಳಿದಾಗ ಆ ಸೋದರಿ, ‘ಇಷ್ಟು ದಿನ ನನ್ನ ನೋವನ್ನು ಸೋಮಾರಿತನ ಎನ್ನುತ್ತಿದ್ದರು’ ಎಂದರು. ಬೇರೆ ಮಾತಾಡಲಿಲ್ಲ. ಎರಡು ತಿಂಗಳು ಯೋಚಿಸಿ, ಒಂದೇ ಸಾಕೆಂದು ಅವರೇ ಹೇಳಿದರು. ಗಂಡ ಒಪ್ಪಿದರು. ಇನ್ನೊಂದು ಮನೆಯವರ ಕಾಗದದಲ್ಲಿ ಕೆಳಗಿನ ಅಡ್ಡ ಕೊಯ್ತ, ಬೇರೆ ತೊಡಕಿಲ್ಲ ಎಂದಿತ್ತು. ಅವರು ಮೂರು ವರ್ಷ ಬಿಟ್ಟು ಎರಡನೆಯದನ್ನು ಪಡೆದರು. ಎರಡೂ ಸರಿಯಾದ ತೀರ್ಮಾನಗಳೇ.

ಬೇಕೆನ್ನುವವರು ಹೆರಿಗೆಯಾಗಿ 24 ತಿಂಗಳಾದರೂ ಕಳೆದ ಮೇಲೆ ಬಸಿರಾಗುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಸಿರು ನಿಂತ ಕೂಡಲೇ ಸ್ಕ್ಯಾನ್ ಮಾಡಿಸಿ ಅದು ಕಲೆಯಲ್ಲಿ ಕೂತಿಲ್ಲವೆಂದು ನೋಡಿಸಿ. ಐದನೆಯ ತಿಂಗಳಲ್ಲಿ ಮಾಸು ಎಲ್ಲಿದೆಯೆಂದು ಕೇಳಿ. ಹೆರಿಗೆ ರಕ್ತನಿಧಿಯೂ ಹಗಲುರಾತ್ರಿ ಅರಿವಳಿಕೆ ಡಾಕ್ಟರರೂ ಇರುವ ಕಡೆಯೇ ಆಗತಕ್ಕದ್ದು. 1844ರಲ್ಲಿ ಆರಂಭವಾದ ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಇದೆ, ನಮಗೆ ಸಮೀಪದಲ್ಲಿ ರಾಯಪುರದ ಆರ್.ಎಸ್.ಆರ್.ಎಂ. ಇದೆ. ಮೊದಲ ತಿಂಗಳುಗಳಲ್ಲೇ ಹೋಗಿ ಹೆಸರು ಬರೆಸಿ. ನೋವು ಬಂದ ರಾತ್ರಿ ಆಸ್ಪತ್ರೆ ಹುಡುಕುವಂತಾಗಕೂಡದು.

ಸಾಕೆನ್ನುವವರಿಗೂ ಒಂದು ಮಾತು. ಅಂಟು ಕಟ್ಟಿದ ಹೊಟ್ಟೆಯನ್ನು ಸಂತಾನಹರಣಕ್ಕೆಂದು ಮತ್ತೆ ತೆರೆಯುವುದು ಸುಲಭವಲ್ಲ. ಗಂಡಸಿನ ಶಸ್ತ್ರಕ್ರಿಯೆ ಅರ್ಧ ಗಂಟೆಯೊಳಗಿನದು. ಆ ಜಾಗಕ್ಕೆ ಮಾತ್ರ ಮರಗಟ್ಟಿಸುತ್ತಾರೆ, ಅದೇ ದಿನ ಮನೆಗೆ ಬರಬಹುದು. ಒಂದು ವಾರ ಅಕ್ಕಿಮೂಟೆ, ಹಂಡೆ ಎತ್ತಕೂಡದು. ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿಸುವವರೆಗೆ ಬೇರೆ ಎಚ್ಚರಿಕೆಯೂ ಬೇಕು. ಗಂಡಸುತನ ಹೋಗುವುದಿಲ್ಲ, ಬಲ ಕುಗ್ಗುವುದಿಲ್ಲ. ಆದರೂ ಅದೇ ಸಮೀಕ್ಷೆಯಲ್ಲಿ ಇದನ್ನು ಮಾಡಿಸಿಕೊಂಡ ಗಂಡಸರು 100ಕ್ಕೆ ಒಬ್ಬರೂ ಇಲ್ಲ. ಅವಳು ಒಮ್ಮೆ ಕೊಯ್ಸಿಕೊಂಡಿದ್ದಾಳೆ, ಕೆಲವೆಡೆ ಎರಡು ಬಾರಿ. ಈಗ ಸರದಿ ಯಾರದು? ಅದಕ್ಕೂ ಮನಸ್ಸಾಗದಿದ್ದರೆ ಕಾಪರ್-ಟಿ ಮೊದಲಾದ ಬೇರೆ ಉಪಾಯಗಳನ್ನಾದರೂ ಡಾಕ್ಟರರಲ್ಲಿ ಕೇಳಿ.

ಸೋದರರೇ, ನಾವು ಕೇಳುವುದು ಇಷ್ಟೇ. ಈ ವಾರವೇ ಊರಿಗೆ ಫೋನು ಮಾಡಿ ಕಾಗದ ತರಿಸಿ, ಅದರ ಪ್ರತಿಯನ್ನು ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆಗಿಡಿ. ಹೆಂಡತಿಯೊಡನೆ ಆಸ್ಪತ್ರೆಗೆ ಹೋಗಿ. ಅಂದಿನ ನಿಮ್ಮ ಡ್ಯೂಟಿಯನ್ನು ಜೊತೆಗಾರರು ಹಂಚಿಕೊಳ್ಳಲಿ. ಡಾಕ್ಟರರು ಪ್ರಶ್ನೆ ಕೇಳಿದಾಗ ನೀವು ಉತ್ತರ ಹೇಳಬೇಡಿ, ಅವಳೇ ಹೇಳಲಿ. ಹೊರುವವಳೂ ಅವಳು, ಕೊಯ್ತಕ್ಕೆ ಮಲಗುವವಳೂ ಅವಳು. ಬೇಕು ಎಂದರೂ ಬೇಡ ಎಂದರೂ ಕೊನೆಯ ಮಾತು ಅವಳದೇ ಆಗಲಿ.