ಬೆರಳಲ್ಲಿ ಉರುಳಿಸಿದ ಜೊಂಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು’. ಅದರ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿಯೇ ನಾಲ್ಕೈದು ಮಂದಿ ಇದ್ದಾರೆ. ಅಪ್ಪಣೆ ಕೊಟ್ಟರೆ ನಾನು ಜೊಂಡಿನ ವಿಷಯ ಹೇಳುತ್ತೇನೆ. ನಗಬೇಡಿ, ಅದಕ್ಕೂ ನಮ್ಮ ಶಾಲೆಗೂ ಸಂಬಂಧವಿದೆ.

ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ನಮ್ಮನ್ನೆಲ್ಲ ಕೆರೆ ಏರಿಗೆ ಕರೆದುಕೊಂಡು ಹೋದರು. ಕಣ್ಣು ಮುಚ್ಚಿಸಿ, ಕೈಗೊಂದು ಕಡ್ಡಿ ಕೊಟ್ಟು, ಬೆರಳ ನಡುವೆ ಉರುಳಿಸಿ ನೋಡಿ ಎಂದರು. ಮೂರು ಏಣು ಸಿಕ್ಕಿದರೆ ಕೊನ್ನಾರಿಯ ಬಳಗ. ಗುಂಡಗಿದ್ದು, ಗೆಣ್ಣು ಇದ್ದು, ಒಳಗೆ ಟೊಳ್ಳಾಗಿದ್ದರೆ ಸಾಮಾನ್ಯವಾಗಿ ಹುಲ್ಲು. ಪರೀಕ್ಷೆಗೆ ಬಾರದ ಪಾಠವಾದ್ದರಿಂದ ನಾನು ಅದನ್ನು ಮರೆತೇಬಿಟ್ಟಿದ್ದೆ.

ಮೂರು ವರ್ಷದ ಹಿಂದೆ ಕಂಪನಿಯ ಕೆಲಸದ ಮೇಲೆ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಕೆಲವು ತಿಂಗಳು ಇದ್ದೆ. ಆ ಊರಿನ ಬೆನ್ನಿಗೇ ಟೇಬಲ್ ಮೌಂಟನ್ ಎಂಬ ಚಪ್ಪಟೆ ನೆತ್ತಿಯ ಬೆಟ್ಟವಿದೆ. ಒಂದು ಭಾನುವಾರ ಅದನ್ನು ಹತ್ತುವಾಗ ದಾರಿಯ ಪಕ್ಕದಲ್ಲಿ ಸೊಂಟದೆತ್ತರದ ಜೊಂಡು ಕಂಡಿತು. ಕೆರೆಯಿಲ್ಲ, ಕಾಲುವೆಯಿಲ್ಲ, ಬರೀ ಕಲ್ಲು, ಮರಳು. ಕೈ ತಾನಾಗಿಯೇ ಒಂದು ಕಡ್ಡಿ ಹಿಡಿದು ಉರುಳಿಸಿತು. ಏಣಿಲ್ಲ. ಗೆಣ್ಣಿದೆ, ಆದರೆ ಎಲೆಯೇ ಇಲ್ಲ. ಗೆಣ್ಣಿಗೆ ಕಂದು ಬಣ್ಣದ ಒಂದು ಪೊರೆ ಸುತ್ತಿಕೊಂಡಿದೆ, ಅಷ್ಟೆ. ಮೇಷ್ಟ್ರು ಹೇಳಿಕೊಟ್ಟ ಎರಡು ಗುಂಪಿಗೂ ಸೇರದ ಗಿಡ!

ಬೆಟ್ಟದ ಬುಡದಲ್ಲಿ ಕಿರ್ಸ್ಟನ್‌ಬಾಷ್ ಎಂಬ ಸಸ್ಯೋದ್ಯಾನವಿದೆ. 1913ರಲ್ಲಿ ಆರಂಭವಾದದ್ದು. ಅಲ್ಲಿ ಇದೇ ಗಿಡಗಳಿಗೆ ಒಂದು ಭಾಗವನ್ನೇ ಬಿಟ್ಟಿದ್ದಾರೆ. ಇವುಗಳ ಕುಟುಂಬದ ಹೆಸರು ರೆಸ್ಟಿಯೋನೇಸಿ. ‘ರೆಸ್ಟಿಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹಗ್ಗ. ಈ ಕುಟುಂಬದಲ್ಲಿ ಸುಮಾರು 500 ಜಾತಿಗಳಿವೆ. ಅವುಗಳಲ್ಲಿ 350ರಷ್ಟು ಆಫ್ರಿಕಾದವು, ಅವೂ ಹೆಚ್ಚುಕಡಿಮೆ ಎಲ್ಲ ಆ ಖಂಡದ ದಕ್ಷಿಣದ ತುದಿಯೊಂದರಲ್ಲೇ. ಉಳಿದವುಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾದಲ್ಲಿ, ಕೆಲವು ನ್ಯೂಜಿಲೆಂಡಿನಲ್ಲಿ, ದೂರದ ಚಿಲಿ ದೇಶದಲ್ಲಿ ಒಂದು. ಈ ಭೂಭಾಗಗಳೆಲ್ಲ ಕೋಟ್ಯಂತರ ವರ್ಷಗಳ ಹಿಂದೆ ಒಂದೇ ಆಗಿದ್ದವು, ನಮ್ಮ ನೆಲವೂ ಅದರಲ್ಲಿ ಸೇರಿತ್ತು. ಆದರೂ ನಮ್ಮಲ್ಲಿ ಈ ಕುಟುಂಬ ಇಲ್ಲ.

ಆ ಕೇಪ್ ಪ್ರದೇಶದ ವಿಸ್ತೀರ್ಣ ಸುಮಾರು 90,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಅರ್ಧವೂ ಇಲ್ಲ. ಅಷ್ಟರಲ್ಲಿ ಸುಮಾರು 9,000 ಜಾತಿಯ ಗಿಡಗಳಿವೆ. ಮಣ್ಣು ಫಲವತ್ತಾಗಿರಬೇಕು ಎಂದುಕೊಳ್ಳುತ್ತೀರಿ. ಇಲ್ಲ. ಮರಳುಗಲ್ಲು ಸವೆದು ಆದ ಬಡ ಮಣ್ಣು, ರಾಗಿ ಬಿತ್ತಿದರೂ ಏಳುವುದು ಅನುಮಾನ. ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣ. ಎಲೆ ಬಿಟ್ಟರೆ ನೀರು ಆರಿಹೋಗುತ್ತದೆ, ಆದ್ದರಿಂದ ಎಲೆಯ ಕೆಲಸವನ್ನೂ ಹಸಿರು ಕಡ್ಡಿಯೇ ಮಾಡುತ್ತದೆ. ನಮ್ಮ ಪರಂಗಿಯ ಹಾಗೆ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎರಡರ ರೂಪ ಎಷ್ಟು ಬೇರೆಯೆಂದರೆ, ಹಿಂದಿನ ಪಂಡಿತರು ಕೆಲವು ಕಡೆ ಗಂಡ ಹೆಂಡತಿಗೆ ಬೇರೆ ಬೇರೆ ಜಾತಿಯ ಹೆಸರಿಟ್ಟು ಬಿಟ್ಟಿದ್ದರು.

ಅಲ್ಲಿನ ಕುರುಚಲು ಕಾಡಿಗೆ ಆಗಾಗ ಬೆಂಕಿ ಬೀಳುತ್ತದೆ. ಅದು ಹಾನಿಯಲ್ಲ, ಆ ಕಾಡು ಬದುಕುವ ರೀತಿಯೇ ಅದು. ಉದ್ಯಾನದವರು ಬಹುಕಾಲ ಈ ಗಿಡಗಳ ಬೀಜ ಹಾಕಿ ಹಾಕಿ ಸೋತಿದ್ದರು. 1990ರ ಹೊತ್ತಿಗೆ ಅಲ್ಲಿನ ಸಂಶೋಧಕರಿಗೆ ಒಂದು ವಿಷಯ ತಿಳಿಯಿತು: ಅಲ್ಲಿನ ಅನೇಕ ಬೀಜಗಳನ್ನು ಎಬ್ಬಿಸುವುದು ಬೆಂಕಿಯ ಬಿಸಿಯಲ್ಲ, ಹೊಗೆ. ಡ್ರಮ್ಮಿನಲ್ಲಿ ಎಲೆ ಕಡ್ಡಿ ಸುಟ್ಟು, ಪೈಪಿನಲ್ಲಿ ಹೊಗೆ ಹಾಯಿಸಿದರು, ಬೀಜ ಮೊಳೆಯಿತು. ನಮ್ಮಜ್ಜಿ ಅವರೆ ಬೀಜವನ್ನು ಒಲೆಯ ಮೇಲೆ ಹೊಗೆಯಾಡುವ ಕಡೆ ಕಟ್ಟುತ್ತಿದ್ದುದು ಹುಳು ಹಿಡಿಯಬಾರದೆಂದು, ಅದು ಬೇರೆ ಲೆಕ್ಕ. ಆದರೂ ಕೇಳಿದಾಗ ನೆನಪಾದದ್ದು ಅದೇ.

ಇನ್ನೊಂದನ್ನು ಮಕ್ಕಳಿಗಾಗಿ ಹೇಳಲೇಬೇಕು. ಇದೇ ಕುಟುಂಬದ ಸೆರಟೊಕ್ಯಾರಿಯಮ್ ಎಂಬ ಗಿಡದ ಬೀಜ ಗುಂಡಗೆ, ಕಂದು ಬಣ್ಣಕ್ಕೆ, ಜಿಂಕೆಯಂಥ ಪ್ರಾಣಿಗಳ ಹಿಕ್ಕೆಯ ಹಾಗೆ ಕಾಣುತ್ತದೆ. ವಾಸನೆಯೂ ಹಾಗೆಯೇ. ಸಗಣಿ ಹುಳು ಮೋಸಹೋಗಿ ಅದನ್ನು ಉರುಳಿಸಿಕೊಂಡು ಹೋಗಿ ಮಣ್ಣಿನಲ್ಲಿ ಹೂಳುತ್ತದೆ. ತಿನ್ನಲೂ ಬರುವುದಿಲ್ಲ, ಮೊಟ್ಟೆಯಿಡಲೂ ಆಗುವುದಿಲ್ಲ. ಬಿತ್ತನೆ ಮಾತ್ರ ಮುಗಿದಿರುತ್ತದೆ, ಕೂಲಿ ಕೊಡದೆ! ಕೇಪ್ ಟೌನ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ಪ್ರಕಟಿಸಿದ್ದಾರೆ.

ಇದೇ ಬಳಗದ ಆಳೆತ್ತರದ ಗಿಡವೊಂದಕ್ಕೆ ಅಲ್ಲಿಯವರು ‘ಡೆಕ್‌ರೀಟ್’ ಎನ್ನುತ್ತಾರೆ, ಹೊದಿಸುವ ಜೊಂಡು ಎಂದು ಅರ್ಥ. ಅಲ್ಬರ್ಟಿನಿಯಾ ಎಂಬ ಪಟ್ಟಣದ ಸುತ್ತಮುತ್ತ ಕೊಯ್ದು ಹೊರೆ ಕಟ್ಟಿ ಮಾರುತ್ತಾರೆ. ಅದನ್ನು ಹೊದಿಸಿದ ಮನೆಗಳನ್ನು ನಾನು ನೋಡಿದೆ. ಅವು ಸಾಹುಕಾರರ ಮನೆಗಳು. ಎದುರಿಗೆ ದೊಡ್ಡ ಕಾರು, ಒಳಗೆ ಈಜುಕೊಳ. ನಮ್ಮ ಮನೆಗೆ ನಾನು ಆರನೇ ತರಗತಿಯಲ್ಲಿರುವವರೆಗೂ ಬಾದೆ ಹುಲ್ಲಿನ ಮಾಡಿತ್ತು. ಗೆಳೆಯರು ಮನೆಗೆ ಬರುತ್ತೇವೆಂದರೆ ಏನಾದರೊಂದು ನೆಪ ಹೇಳುತ್ತಿದ್ದೆ. ಅವರಲ್ಲಿ ಇಬ್ಬರು ಇಲ್ಲೇ ಕುಳಿತಿದ್ದಾರೆ. ಅಪ್ಪ ವರ್ಷ ಬಿಟ್ಟು ವರ್ಷ ಎಷ್ಟು ಓರಣವಾಗಿ ಹುಲ್ಲು ಹೊದಿಸುತ್ತಿದ್ದರು ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಆ ಪರದೇಶದ ಬೀದಿಯಲ್ಲಿ ನಿಂತಾಗ. ಅಪ್ಪ ಈಗಿಲ್ಲ.

ಕೇಪ್ ಟೌನ್ ನಗರ ಹಬ್ಬಿರುವ ಮರಳು ಬಯಲಿನಲ್ಲೂ ಹಿಂದೆ ಈ ಗಿಡಗಳೇ ತುಂಬಿದ್ದವು. ಬಹುಪಾಲು ಹೋಯಿತು, ಬಡಾವಣೆ ಬಂತು. ಒಂದು ಒಳ್ಳೆಯ ತುಣುಕು ಉಳಿದಿದೆ. ಎಲ್ಲಿ ಗೊತ್ತೆ? ಕೆನಿಲ್‌ವರ್ತ್ ಎಂಬ ಕುದುರೆ ರೇಸಿನ ಮೈದಾನದ ನಡುವೆ. 1882ರಿಂದ ಕುದುರೆಗಳು ಸುತ್ತ ಓಡುತ್ತಿವೆ, ನಡುವಿನ ಸುಮಾರು 50 ಹೆಕ್ಟೇರನ್ನು, ಅಂದರೆ ನೂರಿಪ್ಪತ್ತು ಎಕರೆಗೂ ಹೆಚ್ಚು ಜಾಗವನ್ನು, ಯಾರೂ ಮುಟ್ಟಲಿಲ್ಲ. ಉಳಿಸಬೇಕೆಂದು ಉಳಿಸಿದ್ದಲ್ಲ. ಬೇಡವೆಂದು ಬಿಟ್ಟದ್ದು ಉಳಿಯಿತು.

ನಮ್ಮ ಕೆರೆಯ ಹೂಳೆತ್ತಲು ಬೇಸಿಗೆಯಲ್ಲಿ ಜೆಸಿಬಿ ತರುವುದೆಂದು, ಅದಕ್ಕೆ ಹಳೆಯ ವಿದ್ಯಾರ್ಥಿಗಳಿಂದ ಹಣ ಕೂಡಿಸುವುದೆಂದು ನಿನ್ನೆ ಮಾತಾಯಿತು. ನನ್ನ ಪಾಲು ಕೊಡುತ್ತೇನೆ. ಜೊಂಡು ಮಿತಿಮೀರಿ ಬೆಳೆದರೆ ನೀರಿನ ಜಾಗವನ್ನೇ ನುಂಗುತ್ತದೆ, ಹಾವು ಸೇರುತ್ತದೆ ಎಂದು ಹಿರಿಯರು ಹೇಳುವುದೂ ಸುಳ್ಳಲ್ಲ. ಕೋಡಿಯ ಪಕ್ಕದ ಆ ಮೂಲೆಯೊಂದನ್ನು ಮಾತ್ರ ಹಾಗೇ ಬಿಡೋಣ ಎಂದು ಪಂಚಾಯಿತಿಯವರಲ್ಲಿ, ಸಮಿತಿಯವರಲ್ಲಿ ಕೈಮುಗಿದು ಕೇಳುತ್ತೇನೆ. ಮೇಷ್ಟ್ರು ನಮ್ಮ ಕಣ್ಣು ಮುಚ್ಚಿಸಿ ನಿಲ್ಲಿಸಿದ್ದು ಅಲ್ಲೇ.

ನಾಳೆ ಬೆಳಿಗ್ಗೆ ಏಳು ಗಂಟೆಗೆ ನಾನು ಅಲ್ಲಿರುತ್ತೇನೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳು ಮನೆಯಲ್ಲಿ ಹೇಳಿ ಬನ್ನಿ. ಮೇಷ್ಟ್ರೂ ಬರುತ್ತೇನೆ ಎಂದಿದ್ದಾರೆ. ಅವರಿಗೆ ಏರಿ ಹತ್ತಲು ಯಾರಾದರೂ ಕೈ ಕೊಡಬೇಕು.