ಹಳೆಯ ಮೋಟಾರ್ ಸೈಕಲ್ಲಿನ ಮೀಟರ್ ಕೆಟ್ಟಾಗ



ಶಿವನಿ, ಅಜ್ಜಂಪುರ, ತರೀಕೆರೆ ಸುತ್ತಿನ ಹಳ್ಳಿಗಳಲ್ಲಿ ಈಗ ಹಾಲಿನ ಕ್ಯಾನು ಡೈರಿಗೆ ಹೋಗುವುದು ಮೋಟಾರ್ ಸೈಕಲ್ಲಿನ ಮೇಲೆ, ಗೊಬ್ಬರದ ಮೂಟೆ ತೋಟಕ್ಕೆ ಬರುವುದು ಅದರ ಮೇಲೆ, ಮಕ್ಕಳು ಶಾಲೆಗೆ ಹೋಗುವುದೂ ಅದರ ಮೇಲೇ. ಗೊಬ್ಬರ, ಬೀಜದ ಮಾತು ಆಡಬೇಕಾದ ಕೃಷಿ ಇಲಾಖೆಯವನು ಬೈಕಿನ ರಿಪೇರಿ ಹೇಳಲಿಕ್ಕೆ ಕೂತನಲ್ಲ ಅಂತ ನೀವು ನಗಬಹುದು. ನೇಗಿಲು, ಪಂಪುಸೆಟ್ಟು ಇದ್ದ ಹಾಗೆ ಇದೂ ಈಗ ಬೇಸಾಯದ ಉಪಕರಣವೇ. ಅದರಲ್ಲೂ ಹತ್ತು, ಇಪ್ಪತ್ತು ವರ್ಷ ದುಡಿದ ಹಳೆಯ ಗಾಡಿಗಳೇ ನಮ್ಮಲ್ಲಿ ಹೆಚ್ಚು. ಅವುಗಳ ಪೈಕಿ ಎಷ್ಟರಲ್ಲಿ ಮೀಟರ್ ಸರಿಯಾಗಿ ಓಡುತ್ತಿದೆ, ಒಮ್ಮೆ ನಿಮ್ಮ ಬೀದಿಯಲ್ಲೇ ನೋಡಿ ಬನ್ನಿ. ಮುಳ್ಳು ಸೊನ್ನೆಯಲ್ಲಿ ಮಲಗಿರುತ್ತೆ. "ಗಾಡಿ ಓಡ್ತದಲ್ಲ, ಮೀಟರ್ ಯಾಕೆ ಬೇಕು" ಅಂತ ಸುಮ್ಮನಿರುತ್ತೇವೆ.

ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಹೋಗುತ್ತದೆ. 60ರಲ್ಲಾದರೆ ಸುಮಾರು 17 ಮೀಟರ್. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವಂತೂ ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ಸಂಜೆ ಹೊತ್ತು, ಹಿಂದೆ ಮೂಟೆ, ದಾರಿಗೆ ಅಡ್ಡ ಎಮ್ಮೆ. ಎಷ್ಟು ವೇಗದಲ್ಲಿದ್ದೇನೆ ಎಂಬುದು ಕಿವಿಗೆ ತಿಳಿಯುವುದಿಲ್ಲ. ಹಳೆಯ ಇಂಜಿನ್ನಿನ ಸದ್ದಿಗೆ ಕಿವಿ ಒಗ್ಗಿಹೋಗಿರುತ್ತದೆ. ಮುಳ್ಳು ನೋಡಿದರೆ ಮಾತ್ರ ತಿಳಿಯುತ್ತದೆ.

ಎರಡನೆಯದು ಕಾಗದಪತ್ರದ ಮಾತು. ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಸಾರಿಗೆ ಕಚೇರಿಗೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನಮ್ಮ ಕಡೆಯವರಿಗೆ ತರೀಕೆರೆಯ ಕಚೇರಿ. ಗಾಡಿಗೆ ವೇಗಮಾಪಕ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 117ನೆಯ ನಿಯಮವೇ ಇದೆ. ಕೆಲಸ ಬಿಟ್ಟು ಅಷ್ಟು ದೂರ ಹೋಗಿ, ಮೀಟರ್ ಇಲ್ಲ ಅಂತ ವಾಪಸು ಬಂದರೆ ಒಂದು ದಿನದ ಕೂಲಿ ಹೋಯಿತು, ಪೆಟ್ರೋಲೂ ಹೋಯಿತು.

ಪೆಟ್ರೋಲ್ ಅಂದಾಗ ನೆನಪಾಯಿತು. ಟ್ಯಾಂಕು ತುಂಬಿಸಿ ಅಂಕಿ ಬರೆದುಕೊಳ್ಳಿ. ಮತ್ತೆ ತುಂಬಿಸುವಾಗ 4 ಲೀಟರ್ ಹಿಡಿಯಿತು, ಅಂಕಿ 220 ಮುಂದೆ ಹೋಗಿದೆ ಅಂದರೆ ಲೀಟರಿಗೆ 55. ಮುಂದಿನ ಸಲ 42ಕ್ಕೆ ಇಳಿದಿದ್ದರೆ ಕಾರ್ಬುರೇಟರೋ, ಬ್ರೇಕ್ ಹಿಡಿದುಕೊಂಡಿರುವುದೋ, ಏನೋ ಒಂದು ಇದೆ. ಮೀಟರ್ ಇಲ್ಲದವರಿಗೆ ಈ ಸುಳಿವೇ ಸಿಕ್ಕುವುದಿಲ್ಲ. ಇಂಜಿನ್ ಆಯಿಲ್ ಬದಲಿಸುವ ಲೆಕ್ಕವೂ ಹಾಗೆಯೇ ತಪ್ಪುತ್ತದೆ.

ಇನ್ನು ಮೀಟರ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಇದನ್ನು ತಿಳಿದರೆ ಅರ್ಧ ರಿಪೇರಿ ಆದ ಹಾಗೆ. ಮುಂದಿನ ಚಕ್ರದ ಹಬ್ಬಿನಲ್ಲಿ ಒಂದು ಸಣ್ಣ ಹಲ್ಲಿನ ಚಕ್ರ ಇದೆ. ಅದು ಒಂದು ವರ್ಮನ್ನು ತಿರುಗಿಸುತ್ತದೆ. ವರ್ಮು ಕೇಬಲ್ಲಿನೊಳಗಿನ ತಂತಿಯನ್ನು ತಿರುಗಿಸುತ್ತದೆ. ಬ್ರೇಕ್ ಕೇಬಲ್ಲಿನಂತೆ ಇದು ಎಳೆಯುವ ತಂತಿಯಲ್ಲ, ಸುತ್ತುವ ತಂತಿ. ಎರಡೂ ತುದಿ ಚೌಕವಾಗಿರುತ್ತದೆ. ಮೇಲೆ ಮೀಟರಿನೊಳಗೆ ಆ ತಂತಿ ಒಂದು ಅಯಸ್ಕಾಂತವನ್ನು ಗಿರಗಿರ ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಆದರೂ ತಿರುಗುವ ಅಯಸ್ಕಾಂತ ಬಟ್ಟಲಿನೊಳಗೆ ವಿದ್ಯುತ್ತಿನ ಸುಳಿ ಎಬ್ಬಿಸಿ ಅದನ್ನೂ ತನ್ನ ಜೊತೆ ಎಳೆಯುತ್ತದೆ. ಕೂದಲಿನಷ್ಟು ಸಣ್ಣ ಸ್ಪ್ರಿಂಗು ಬಟ್ಟಲನ್ನು ಹಿಂದಕ್ಕೆ ಹಿಡಿದಿರುತ್ತದೆ. ಈ ಎಳೆದಾಟದಲ್ಲಿ ಬಟ್ಟಲು ಎಷ್ಟು ತಿರುಗಿತೋ ಅಷ್ಟು ಮುಳ್ಳು ಏರುತ್ತದೆ. ಓಟೋ ಶುಲ್ಜೆ ಎಂಬ ಜರ್ಮನಿಯವನು 1902ರಲ್ಲಿ ಇದಕ್ಕೆ ಪೇಟೆಂಟು ಪಡೆದ. ನೂರು ವರ್ಷ ಕಳೆದರೂ ಹಳೆಯ ಬುಲೆಟ್ಟು, ಹೀರೋ ಹೋಂಡಾ, ಟಿ.ವಿ.ಎಸ್. ಎಲ್ಲದರಲ್ಲೂ ಇದೇ ಯುಕ್ತಿ. ಓಡಿದ ಕಿಲೋಮೀಟರ್ ತೋರಿಸುವ ಅಂಕಿಗಳು ಮಾತ್ರ ಅದೇ ತಂತಿಯಿಂದ ಬೇರೆ ಹಲ್ಲುಗಳ ಮೂಲಕ ಉರುಳುತ್ತವೆ.

ಹೀಗಾಗಿ ಮೀಟರ್ ನಿಂತಿತು ಅಂದಕೂಡಲೇ ಅಂಗಡಿಗೆ ಓಡಬೇಡಿ. ಲಕ್ಷಣ ನೋಡಿ. ಮುಳ್ಳೂ ನಿಂತಿದೆ, ಅಂಕಿಯೂ ನಿಂತಿದೆ ಎಂದರೆ ಬಹುಮಟ್ಟಿಗೆ ಕೇಬಲ್ ಇಲ್ಲವೆ ಹಬ್ಬಿನ ವರ್ಮು. ಅಂಕಿ ಉರುಳುತ್ತದೆ, ಮುಳ್ಳು ಏಳುವುದಿಲ್ಲ ಎಂದರೆ ಮೀಟರಿನದೇ ದೋಷ. ಮುಳ್ಳು ಏಳುತ್ತದೆ, ಅಂಕಿ ನಿಂತಿದೆ ಎಂದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿದಿದೆ. ಮುಳ್ಳು ಸಂತೆಯಲ್ಲಿ ತಕ್ಕಡಿ ಮುಳ್ಳು ಕುಣಿದ ಹಾಗೆ ಕುಣಿಯುತ್ತಿದ್ದರೆ ತಂತಿಗೆ ಗ್ರೀಸಿಲ್ಲ, ಅಥವಾ ಕೇಬಲ್ ಎಲ್ಲೋ ಮಡಚಿಕೊಂಡಿದೆ. ಕೇಬಲ್ಲಿನ ಬೆಲೆ ಮೀಟರಿನ ಬೆಲೆಗಿಂತ ಬಹಳ ಕಡಿಮೆ. ಕೇಬಲ್ ಕಡಿದದ್ದಕ್ಕೆ ಮೀಟರ್ ಬದಲಿಸಿ ಬಂದವರುಂಟು, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಖಾತ್ರಿ ಮಾಡಿಕೊಳ್ಳುವ ರೀತಿ ಇದು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಮನೆಯವರೊಬ್ಬರು ಹಿಂದಿನ ಸೀಟನ್ನು ಅದುಮಿ ಹಿಡಿಯಲಿ, ಮುಂದಿನ ಚಕ್ರ ನೆಲ ಬಿಡಲಿ. ಮೀಟರಿನ ಕೆಳಗಿರುವ ಕೇಬಲ್ ನಟ್ಟನ್ನು ಬಿಚ್ಚಿ, ತುದಿ ಕಾಣುವಂತೆ ಹಿಡಿದು ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಚೌಕ ತುದಿ ತಿರುಗಿದರೆ ಕೆಳಗಿನದೆಲ್ಲ ಸರಿ, ದೋಷ ಮೀಟರಿನಲ್ಲಿದೆ. ತಿರುಗದಿದ್ದರೆ ಕೆಳತುದಿಯನ್ನೂ ಬಿಚ್ಚಿ. ಕೆಲವು ಗಾಡಿಗೆ ಅಲ್ಲಿ ನಟ್ಟು, ಕೆಲವಕ್ಕೆ ಸಣ್ಣ ಸ್ಕ್ರೂ. ತಂತಿ ಹೊರಗೆಳೆದು ನೋಡಿ. ತುಂಡಾಗಿದ್ದರೆ ಕೇಬಲ್ಲು. ಇಡಿಯಾಗಿದ್ದರೆ ವರ್ಮು. ಕೆಲವು ಹಳೆಯ ಗಾಡಿಗಳಲ್ಲಿ ಕೇಬಲ್ ಮುಂದಿನ ಚಕ್ರಕ್ಕೆ ಬಾರದೆ ಬೇರೆ ಕಡೆ ಹೋಗಿರುತ್ತದೆ. ಅದು ಎಲ್ಲಿ ಇಳಿದಿದೆಯೋ ಅಲ್ಲೇ ಹುಡುಕಬೇಕು.

ಹೊಸ ಕೇಬಲ್ ಹಾಕುವ ಮುಂಚೆ ಒಂದು ಕೆಲಸ ಮರೆಯಬಾರದು. ಹಳೆಯ ತಂತಿಯ ಚೌಕ ತುಂಡನ್ನು ಮೀಟರಿನ ರಂಧ್ರಕ್ಕೆ ಕೊಟ್ಟು ಎರಡು ಬೆರಳಿನಲ್ಲಿ ತಿರುಗಿಸಿ ನೋಡಿ. ಹಗುರಾಗಿ ತಿರುಗಬೇಕು. ಬಿಗಿಯಾಗಿದ್ದರೆ ಕೇಬಲ್ ಕಡಿಸಿದ್ದು ಆ ಮೀಟರೇ. ಹೊಸದನ್ನು ಹಾಕಿದರೆ ಅದನ್ನೂ ಕಡಿಸುತ್ತದೆ. "ಹಾಕಿಸಿ ಎರಡೇ ದಿನ ಸಾರ್, ಮತ್ತೆ ಕಿತ್ತುಹೋಯ್ತು" ಎನ್ನುವ ದೂರಿಗೆ ಅನೇಕ ವೇಳೆ ಇದೇ ಕಾರಣ.

ತಂತಿಗೆ ತೆಳ್ಳಗೆ ಗ್ರೀಸು ಸವರಿ. ಮೇಲಿನ ಒಂದು ಗೇಣು ಮಾತ್ರ ಒಣಗಿಯೇ ಇರಲಿ. ಏಕೆಂದರೆ ಸುತ್ತುವ ತಂತಿಯಲ್ಲಿ ಗ್ರೀಸು ಮೇಲಕ್ಕೆ ಏರಿ ಮೀಟರಿನ ಬಟ್ಟಲಿಗೆ ಅಂಟಿಕೊಂಡರೆ ಮುಳ್ಳು ಇಲ್ಲದ ವೇಗ ತೋರಿಸಲು ಹತ್ತುತ್ತದೆ. ಕೇಬಲ್ಲನ್ನು ಫೋರ್ಕಿನ ಮೇಲಿರುವ ಕೊಂಡಿಯೊಳಗಿಂದಲೇ ತರಬೇಕು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎಲ್ಲೂ ಜಗ್ಗಬಾರದು, ಟೈರಿಗೆ ಉಜ್ಜಬಾರದು.

ವರ್ಮು ಹೋಗಿದ್ದರೆ ಚಕ್ರ ಬಿಚ್ಚಬೇಕು. ಇಲ್ಲಿ ನನ್ನ ಮಾತನ್ನು ಗಮನವಿಟ್ಟು ಕೇಳಿ. ಡ್ರಮ್ ಬ್ರೇಕಿನ ಗಾಡಿಗಳಲ್ಲಿ ಬ್ರೇಕ್ ಪ್ಲೇಟಿಗೆ ಒಂದು ಕಚ್ಚು ಇರುತ್ತದೆ. ಫೋರ್ಕಿನ ಕಾಲಿನ ಮೇಲೆ ಒಂದು ಗುಬುಟು ಇರುತ್ತದೆ. ಚಕ್ರ ತಿರುಗಿ ಕೂರಿಸುವಾಗ ಆ ಗುಬುಟು ಈ ಕಚ್ಚಿನೊಳಗೆ ಕೂರಲೇಬೇಕು. ಕೆಲವು ಗಾಡಿಯಲ್ಲಿ ಇದರ ಬದಲು ಒಂದು ಪಟ್ಟಿಯನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ಹೇಗಿದ್ದರೂ ಇದನ್ನು ಮರೆತರೆ, ಮುಂದಿನ ಬ್ರೇಕ್ ಹಿಡಿದ ಕ್ಷಣ ಪ್ಲೇಟೇ ಚಕ್ರದ ಜೊತೆ ಸುತ್ತಿ ಬ್ರೇಕ್ ಕೇಬಲ್ಲನ್ನು ಎಳೆದುಕೊಂಡು ಚಕ್ರ ಹಿಡಿದುಬಿಡುತ್ತದೆ. ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತಾನೆ. ಮೀಟರಿನ ಸಣ್ಣ ರಿಪೇರಿಗೆ ಕೈ ಹಾಕಿ ಜೀವಕ್ಕೆ ಎರವು ತಂದುಕೊಳ್ಳುವ ಜಾಗ ಇದೊಂದೇ. ಆದ್ದರಿಂದ ಚಕ್ರ ಬಿಚ್ಚಿ ಅಭ್ಯಾಸವಿಲ್ಲದವರು ಈ ಭಾಗವನ್ನು ಮೆಕ್ಯಾನಿಕ್ಕಿಗೇ ಬಿಡಿ. ಬಿಟ್ಟರೂ ಗಾಡಿ ವಾಪಸು ತೆಗೆದುಕೊಳ್ಳುವಾಗ ಬಗ್ಗಿ ಆ ಕಚ್ಚನ್ನು ನೋಡಿ. ಆಕ್ಸಲ್ ನಟ್ಟು ಬಿಗಿಯಾಗಿದೆಯೆ, ಪಿನ್ನಿದ್ದರೆ ಪಿನ್ನು ಹಾಕಿದೆಯೆ, ಕೇಳಿ. ನಿಂತಲ್ಲೇ ಗಾಡಿಯನ್ನು ಮುಂದಕ್ಕೆ ತಳ್ಳಿ ಮುಂದಿನ ಬ್ರೇಕ್ ಹಿಡಿದು ನೋಡಿ, ಆಮೇಲೆ ಹತ್ತಿ.

ವರ್ಮಿನ ಹಲ್ಲುಚಕ್ರಕ್ಕೆ ಎರಡು ಕಿವಿಗಳಿರುತ್ತವೆ. ಅವು ಹಬ್ಬಿನ ಸಂದುಗಳಿಗೆ ಹೊಂದಿಕೊಂಡ ಮೇಲೆಯೇ ಆಕ್ಸಲ್ ಬಿಗಿಯಬೇಕು. ಇಲ್ಲದಿದ್ದರೆ ಹೊಸ ಸಾಮಾನು ಅಲ್ಲೇ ನುಗ್ಗಾಗುತ್ತದೆ. ಗ್ರೀಸು ಸ್ವಲ್ಪವೇ ಇರಲಿ, ಬ್ರೇಕ್ ಲೈನರಿಗೆ ತಾಗಕೂಡದು. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ.

ಈಗ ಮೀಟರನ್ನೇ ಬದಲಿಸುವ ವಿಚಾರ. ಬಿಚ್ಚುವ ಮುನ್ನ ಸ್ವಿಚ್ಚು ಆರಿಸಿ, ಬಲ್ಬಿನ ವೈರುಗಳ ಬಣ್ಣವನ್ನು ಬರೆದುಕೊಳ್ಳಿ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಒಂದು ಚಿತ್ರ ತೆಗೆದಿಟ್ಟರೂ ಆಯಿತು. ಮೀಟರಿನ ಕೆಳಗಿನ ರಬ್ಬರು ಬುಷ್ಷುಗಳನ್ನು ಎಸೆಯಬೇಡಿ. ರಬ್ಬರಿಲ್ಲದೆ ಬಿಗಿದರೆ ಇಂಜಿನ್ನಿನ ನಡುಕವೆಲ್ಲ ಒಳಗಿನ ಸೂಕ್ಷ್ಮ ಸಾಮಾನಿಗೆ ಬಡಿಯುತ್ತದೆ.

ಗಾಡಿಗೆ ತಕ್ಕ ಮೀಟರನ್ನೇ ಕೊಳ್ಳಬೇಕು. ಹೊರಗಿನ ಆಕಾರ ಕೂತರೆ ಸಾಲದು. ತಂತಿ ಕಿಲೋಮೀಟರಿಗೆ ಎಷ್ಟು ಸುತ್ತು ಸುತ್ತಿದರೆ ಅಂಕಿ ಒಂದು ಉರುಳಬೇಕು ಎಂಬ ಲೆಕ್ಕ ಒಂದೊಂದು ಮಾದರಿಗೆ ಒಂದೊಂದು. ಚಕ್ರದ ಅಳತೆಯೂ ಬೇರೆ. 18 ಇಂಚಿನ, 2.75 ಟೈರಿನ ಚಕ್ರ ಒಂದು ಸುತ್ತಿಗೆ ಸುಮಾರು 1.87 ಮೀಟರ್ ಹೋಗುತ್ತದೆ. 16 ಇಂಚಿನ, 3.25 ಟೈರಿನದು ಸುಮಾರು 1.79 ಮೀಟರ್. ಒಂದರ ಮೀಟರ್ ಇನ್ನೊಂದಕ್ಕೆ ಹಾಕಿದರೆ ಚಕ್ರದ ಲೆಕ್ಕದಲ್ಲೇ ನೂರಕ್ಕೆ ನಾಲ್ಕು ತಪ್ಪು, ಹಲ್ಲಿನ ಲೆಕ್ಕದ ತಪ್ಪು ಬೇರೆ. ಬಹಳ ಹಳೆಯ ಬುಲೆಟ್ಟಿನವರು ಗುಜರಿಯಲ್ಲಿ ಮೀಟರ್ ಕೊಳ್ಳುವಾಗ ಅದು ಮೈಲಿಯದೋ ಕಿಲೋಮೀಟರಿನದೋ ನೋಡಬೇಕು. ಮೈಲಿಯ 40 ಅಂದರೆ ಕಿಲೋಮೀಟರಿನ 64. ನಿಧಾನ ಹೋಗುತ್ತಿದ್ದೇನೆ ಅಂದುಕೊಂಡು ಜೋರಾಗಿ ಹೋಗುತ್ತಿರುತ್ತೀರಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ದಿ ಇಟ್ಟುಕೊಂಡವರು ನಮ್ಮ ಕಡೆ ಇನ್ನೂ ಇದ್ದಾರೆ. 1961ರಲ್ಲಿ ಗಾಡಿ ಮಾಡಲು ತೊಡಗಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಬೇರೆ ಕಂಪನಿ ಅದೇ ಜಾವಾ ಹೆಸರಿನಲ್ಲಿ ಹೊಸ ಗಾಡಿ ತಂದಿತಾದರೂ ಅದರ ಮೀಟರ್ ಹಳೆಯದಕ್ಕೆ ಕೂರುವುದಿಲ್ಲ. ಇವರಿಗೆ ನನ್ನ ಸಲಹೆ: ಮುಖಫಲಕ, ಗಾಜು ಚೆನ್ನಾಗಿದ್ದರೆ ಹಳೆಯ ಮೀಟರನ್ನೇ ಮೀಟರ್ ರಿಪೇರಿಯವರ ಹತ್ತಿರ ಸರಿ ಮಾಡಿಸಿ. ಹೊಳೆಯುವ ನಕಲಿಗಿಂತ ಅದು ಹೆಚ್ಚು ದಿನ ಬಾಳುತ್ತದೆ.

ಹಾಕಿದ ಮೇಲೆ ಪರೀಕ್ಷೆ ಮಾಡಿ. ಇದಕ್ಕೆ ಯಂತ್ರ ಬೇಡ, ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಸಾಕು. ದಾರಿ ಖಾಲಿಯಿರುವ ಹೊತ್ತಿನಲ್ಲಿ ಮುಳ್ಳನ್ನು 40ರಲ್ಲಿ ಸ್ಥಿರವಾಗಿಟ್ಟು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗಿ. 90 ಸೆಕೆಂಡು ಹಿಡಿಯಬೇಕು. ಹಿಂದೆ ಕೂತವರು ಗಡಿಯಾರ ನೋಡಲಿ, ಓಡಿಸುವವರು ರಸ್ತೆ ನೋಡಲಿ. 95 ಆದರೆ ಮೀಟರ್ ಸ್ವಲ್ಪ ಹೆಚ್ಚು ತೋರಿಸುತ್ತಿದೆ ಎಂದರ್ಥ, ಅದು ಸಾಮಾನ್ಯ, ಅಪಾಯವಿಲ್ಲ. 80 ಆದರೆ ಕಡಿಮೆ ತೋರಿಸುತ್ತಿದೆ. ಅಂಥದ್ದನ್ನು ಅಂಗಡಿಗೆ ಹಿಂತಿರುಗಿಸಿ. ಹತ್ತು ಕಲ್ಲು ದಾಟಿದಾಗ ಅಂಕಿಯೂ ಹತ್ತು ಉರುಳಿರಬೇಕು.

ಹಳೆಯ ಮೀಟರಿನಲ್ಲಿ ಎಷ್ಟಿತ್ತು, ಯಾವ ತಾರೀಖು ಬದಲಿಸಿದಿರಿ, ಹೊಸದರಲ್ಲಿ ಎಷ್ಟರಿಂದ ಶುರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ರಸೀದಿಯ ಜೊತೆ ಆರ್.ಸಿ. ಇಟ್ಟ ಕಡೆಯೇ ಇಡಿ. ಮುಂದೆ ಗಾಡಿ ಮಾರುವಾಗ ಕೊಳ್ಳುವವರಿಗೆ ಅದನ್ನು ತೋರಿಸಿ. ನೀವೇ ಹಳೆಯ ಗಾಡಿ ಕೊಳ್ಳಲು ಹೋದಾಗ, ಹದಿನೈದು ವರ್ಷದ ಗಾಡಿಯಲ್ಲಿ ಅಂಕಿ ಒಂಬತ್ತು ಸಾವಿರ ಇದ್ದರೆ ಇಂಥ ಚೀಟಿ ಕೇಳಿ. ಚೀಟಿ ಇಲ್ಲದಿದ್ದರೆ ಅಂಕಿ ಬಿಟ್ಟು ಕಾಲಿಡುವ ರಬ್ಬರು, ಸೀಟು, ಚೈನು ಎಷ್ಟು ಸವೆದಿದೆ ನೋಡಿ ಬೆಲೆ ಕಟ್ಟಿ.